ಮುಗಿಯದ ಬಾಣಂತನ

ನನಗೆ ಕಾಯಿಲೆ ಬಂದಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ನಾನು ಬಾಣಂತಿಯಾಗಿದ್ದೆ. ಬಾಣಂತಿ ದಪ್ಪಗಾದರೆ ಅದು ಆರೈಕೆಯ ಗುಣ. ಬಾಣಂತಿಗೆ ಚಳಿಯಾದರೆ ಅದು ಹಸಿ ಮೈ. ಹಗಲೆಲ್ಲ ತೂಕಡಿಸಿದರೆ ಮಗು ಸರಿಯಾಗಿ ಮಲಗಲು ಬಿಡುತ್ತಿಲ್ಲ ಎಂದರ್ಥ. ನನ್ನ ಕಾಯಿಲೆಯ ಒಂದೊಂದು ಲಕ್ಷಣಕ್ಕೂ ನಮ್ಮಮ್ಮನ ಬಳಿ ಮೊದಲೇ ಒಂದು ಉತ್ತರ ತಯಾರಾಗಿತ್ತು. ಹೀಗಾಗಿ ಮೂರು ತಿಂಗಳಿಗೆ ಮುಗಿಯಬೇಕಾದ ಬಾಣಂತನ ಒಂದಿಡೀ ಚಳಿಗಾಲವನ್ನು ನುಂಗಿಕೊಂಡು ಫೆಬ್ರವರಿಗೆ ಬಂದು ನಿಂತಿತು.

ಇದನ್ನು ಈಗ ಬರೆಯಲು ಕಾರಣ ಒಬ್ಬಳು ಹುಡುಗಿ. ಹೋದ ತಿಂಗಳು ನಾನು ಮಾಮೂಲಿ ರಕ್ತಪರೀಕ್ಷೆಗೆ ಹೋದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಹೊರಗೆ ಚೆನ್ನಾಗಿ ಬಿಸಿಲು ಬಿದ್ದಿದ್ದರೂ ಎರಡು ಸ್ವೆಟರ್ ತೊಟ್ಟಿದ್ದಳು. ಅವಳ ಕೆನ್ನೆಯ ಊತ ಕಂಡರೆ ನನ್ನ ಹಳೆಯ ಫೋಟೋ ನೋಡಿದಂತಾಯಿತು. "ಆಂಟಿ, ನಿಮ್ಗೂ ಇದೇನಾ? ಆಮೇಲೆ ಸಣ್ಣ ಆದ್ರಾ?" ಎಂದು ಕೇಳಿದಳು. ಆದೆ ಎನ್ನಲೋ, ಆ ಪ್ರಶ್ನೆ ಬಿಟ್ಟು ಬೇರೆ ಕೇಳಮ್ಮ ಎನ್ನಲೋ ಎಂದು ಯೋಚಿಸುವಷ್ಟರಲ್ಲಿ ಅವಳ ಟೋಕನ್ ಕೂಗಿದರು. ಎದ್ದು ಹೋದಳು. ಅವಳಿಗೆ ಹೇಳಬೇಕೆಂದಿದ್ದು ಗಂಟಲಲ್ಲೇ ಉಳಿಯಿತು.

ನಾನು ದೊಮ್ಮಲೂರಿನ ಹಳೆಯ ಊರಿನವಳು. ನಮ್ಮ ಹೊಲಗಳೆಲ್ಲ ಲೇಔಟಿಗೆ ಹೋದ ಮೇಲೂ ಅಪ್ಪ ಎರಡು ಹಸು ಉಳಿಸಿಕೊಂಡಿದ್ದರು. ಬೆಳಿಗ್ಗೆ ಇಂದಿರಾನಗರದ ಮನೆಗಳಿಗೆ ಸೈಕಲ್ಲಿನಲ್ಲಿ ಹಾಲು ಹಾಕಿ ಬರುತ್ತಿದ್ದರು, ಕರೆಯುವುದು ಅಮ್ಮನ ಕೆಲಸ. ನನ್ನನ್ನು ಕೊಟ್ಟಿದ್ದು ಕೆ.ಆರ್. ಪುರಕ್ಕೆ. ಗಂಡ ನಾಗರಾಜ ಅಲ್ಲೇ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದರು. ನಾನು ದೊಡ್ಡನೆಕ್ಕುಂದಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ರೇಡಿಯೋ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ನೆಟ್ಟಗೆ ಕೂರುವುದು, ನಡುಗದ ಕೈ, ಎರಡೂ ನನಗೆ ಹುಟ್ಟಿನಿಂದ ಬಂದಿದ್ದವು. ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣದಲ್ಲಿ ಹೆರಿಗೆಗೆಂದು ತವರಿಗೆ ಬರುವಾಗ, "ಸಂಕ್ರಾಂತಿವರ್ಗೂ ನಿನ್ ಸೀಟ್ ಹಂಗೇ ಇಟ್ಟಿರ್ತೀನಿ, ಆಮೇಲೆ ನನ್ ಕೈಲಿಲ್ಲ" ಎಂದು ಸೂಪರ್‌ವೈಸರ್ ಹೇಳಿ ಕಳಿಸಿದ್ದರು. ಸಂಕ್ರಾಂತಿ ಆಗ ಎಷ್ಟೋ ದೂರದಲ್ಲಿತ್ತು.

ಮಗಳು ಹುಟ್ಟಿದಳು. ಸುಖವಾದ ಹೆರಿಗೆ. ಅಮ್ಮ ನನ್ನನ್ನು ಹಿಂದಿನ ಕೋಣೆಗೆ ಸೇರಿಸಿದಳು. ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆ ಅದು. ಇದ್ದ ಒಂದೇ ಕಿಟಕಿಗೆ ಗೋಣಿತಾಟು ಹೊಡೆದು ಮುಚ್ಚಿದ್ದಳು. ಮಂಚದ ಕೆಳಗೆ ಕೆಂಡದ ಬಾಣಲೆ, ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೆಯ ಸೀರೆ. ಮೈ ಸುಡುವ ನೀರಿನ ಸ್ನಾನ, ಆಮೇಲೆ ಸಾಂಬ್ರಾಣಿ ಹೊಗೆ, ಆಮೇಲೆ ರಗ್ಗು. ತಿನ್ನಲು ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಮೇಲೆ ಧಾರಾಳವಾಗಿ ತುಪ್ಪ. ನೀರು ಮಾತ್ರ ಅಳತೆಯಲ್ಲಿ. ಮಿಕ್ಕಿದ್ದೆಲ್ಲ ನಂಜು.

ಅಮ್ಮನಿಗೆ ಇದು ಬರೀ ಸಂಪ್ರದಾಯವಾಗಿರಲಿಲ್ಲ. ಅವಳಿಗೆ ಬಾಣಂತನ ಯಾರೂ ಮಾಡಿರಲಿಲ್ಲ. ನಾನು ಹುಟ್ಟಿ ತಿಂಗಳು ತುಂಬುವ ಮೊದಲೇ ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಅವಳ ಕೈಗೆ ಕುಡುಗೋಲು ಕೊಟ್ಟು ರಾಗಿ ಕೊಯ್ಲಿಗೆ ಕಳಿಸಿದ್ದಳಂತೆ. ಮಂಜು ಬೀಳುತ್ತಿದ್ದ ಕಾಲ. "ಅವತ್ತು ಮೈಗೆ ಹೊಕ್ಕಿದ್ ಚಳಿ ಇವತ್ಗೂ ಬಿಟ್ಟಿಲ್ಲ" ಎಂದು ಅಮ್ಮ ಹೇಳದ ದಿನವಿರಲಿಲ್ಲ. ಬೇಸಿಗೆಯಲ್ಲೂ ಅವಳು ಟವೆಲ್ ಹೊದೆಯುತ್ತಿದ್ದಳು. ಮಂಡಿ ನೋವು, ಕಾಲು ಊತ, ಸುಸ್ತು, ಎಲ್ಲಕ್ಕೂ ಅಜ್ಜಿಯೇ ಕಾರಣ. ಅಜ್ಜಿ ಸತ್ತು ಎಷ್ಟೋ ವರ್ಷವಾಗಿದ್ದರೂ ನಮ್ಮ ಮನೆಯಲ್ಲಿ ಅವಳಿಗೆ ಬೈಗುಳ ತಪ್ಪಿರಲಿಲ್ಲ. ತನ್ನ ಮಗಳಿಗೆ ಹಾಗಾಗಲು ಬಿಡುವುದಿಲ್ಲ ಎಂದು ಅಮ್ಮ ಶಪಥ ಮಾಡಿದ್ದಳು. ಅಂಥ ಪ್ರೀತಿಗೆ ಬೇಡ ಎಂದು ಹೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ದೀಪಾವಳಿ ಹೊತ್ತಿಗೆ ಬಾಣಂತನ ಮುಗಿಸಿ ಕಳಿಸಬೇಕಿತ್ತು. ನಾಗರಾಜ ಬಂದು ದಿನ ಕೇಳಿದರು. ಅಮ್ಮ ನನ್ನ ಕೈ ಮುಟ್ಟಿ ನೋಡಿದಳು. ರಗ್ಗಿನೊಳಗಿದ್ದ ಕೈ ತಣ್ಣಗಿತ್ತು. "ನೋಡಿ ನೀವೇ. ಮೈ ಹಸಿ ಇನ್ನೂ ಆರಿಲ್ಲ. ಚಳಿ ಕಳೀಲಿ" ಎಂದಳು. ನಾಗರಾಜನಿಗೂ ನನ್ನ ಕೈ ತಣ್ಣಗೆ ಕಂಡಿತು. ಅವರೇನು ಹೇಳುತ್ತಾರೆ, ತಲೆಯಾಡಿಸಿ ಹೋದರು.

ಆ ಚಳಿ ಹೊರಗಿನದ್ದಲ್ಲ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಕೆಂಡದ ಮೇಲೆ ಮಲಗಿದ್ದರೂ ಮೂಳೆಯೊಳಗೆ ಐಸ್ ಇಟ್ಟ ಹಾಗಿರುತ್ತಿತ್ತು. ದಿನದಿಂದ ದಿನಕ್ಕೆ ಕೋಣೆ ಸಣ್ಣದಾಯಿತು, ನಾನು ದೊಡ್ಡವಳಾದೆ. ಸೀಮಂತಕ್ಕೆ ತೊಡಿಸಿದ ಹಸಿರು ಬಳೆ ಮಣಿಕಟ್ಟಿಗೆ ಕಚ್ಚಿಕೊಂಡವು. ಕಾಲುಂಗುರ ಬೆರಳಿನೊಳಗೆ ಹೂತುಹೋಯಿತು. ಕೂದಲು ಬಾಚಣಿಗೆಯಲ್ಲಿ ಕಂತೆಕಂತೆ ಬರುತ್ತಿತ್ತು. ಮಗು ಅತ್ತರೆ ಕೇಳಿಸುತ್ತಿತ್ತು, ಆದರೆ ಎತ್ತಿಕೊಳ್ಳಬೇಕೆಂಬ ಯೋಚನೆ ಕೈಗೆ ಮುಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಹಡೆದ ಮಗುವಿನ ಮೇಲೆ ಪ್ರೀತಿಯೇ ಇಲ್ಲವೇನೋ ಎಂದು ಹೆದರಿಕೆಯಾಗುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ನೋಡಲು ಬಂದ ನೆಂಟರೆಲ್ಲ ನನ್ನ ಕೆನ್ನೆ ನೋಡಿ ಅಮ್ಮನನ್ನು ಹೊಗಳಿದರು. "ಬಾಣಂತನ ಅಂದ್ರೆ ಇದಪ್ಪ, ಮಗಳು ಹೆಂಗ್ ಮೈ ತುಂಬ್ಕೊಂಡವ್ಳೆ" ಎಂದರು. ಅಮ್ಮನ ಮುಖ ಅರಳುತ್ತಿತ್ತು.

ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ನಮ್ಮ ಕಡೆ ಅವರೆ ಕಾಲವೆಂದರೆ ಮನೆಗೆ ಮನೆಯೇ ಸೊಗಡು ವಾಸನೆ. ಬಾಣಂತಿಗೆ ಅವರೆ ನಂಜು, ತಿನ್ನುವಂತಿಲ್ಲ. ಆದರೆ ಕೂತ ಕಡೆ ಸುಲಿಯಬಹುದು, ನೆನೆಸಿದ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸಬಹುದು. ಮೊರದ ತುಂಬ ಕಾಳು ತಂದು ಅಮ್ಮ ನನ್ನ ಮುಂದೆ ಇಟ್ಟಳು. ನೀರಿನಲ್ಲಿ ನೆನೆದ ಕಾಳು ಮುಟ್ಟಿದರೆ ಚಳಿಯೆಂದು ಬಿಸಿನೀರೂ ತಂದಿಟ್ಟಳು. ಬೆಸುಗೆ ಹಾಕುತ್ತಿದ್ದ ನನ್ನ ಬೆರಳು ಒಂದು ಅವರೆಕಾಳನ್ನು ಹಿತುಕಲು ತಿಣುಕಿದವು. ಎಲ್ಲರೂ ಹೊರಗೆ ಸಾರು ಸುರಿದುಕೊಂಡು ಉಣ್ಣುವ ಸದ್ದು ಕೇಳುತ್ತ ನಾನು ಕೋಣೆಯಲ್ಲಿ ಮೆಣಸಿನ ಸಾರು ಕಲಸಿದೆ. ಅವತ್ತು ಬಂದ ಸಿಟ್ಟು ಇವತ್ತಿಗೂ ನೆನಪಿದೆ.

ನನ್ನ ಜೊತೆ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದವಳು ಸೆಲ್ವಿ, ಹಲಸೂರಿನವಳು. ಕ್ರಿಸ್‌ಮಸ್ ರಜೆಯಲ್ಲಿ ಕೇಕ್ ಹಿಡಿದು ನೋಡಲು ಬಂದಳು. ಬಾಗಿಲಲ್ಲಿ ನಿಂತು ನನ್ನನ್ನೇ ಕೇಳಿದಳು, "ಮಂಜುಳಾ ಎಲ್ಲಿ ಅಕ್ಕಾ?" ನಾನು ನಕ್ಕೆ. ನಗುವೂ ಗೊಗ್ಗರಾಗಿ ಹೊರಟಿತು. ಅವಳ ಮುಖ ಕಪ್ಪಿಟ್ಟಿತು. "ಐಯೋ, ಎನ್ನಡಿ ಇದು? ನಿಂದು ವಾಯ್ಸ್ ಗಂಡಸ್ರ ಥರ ಆಗ್ಬಿಟ್ಟಿದೆ" ಎಂದು ಮಂಚದ ಮೇಲೆ ಕೂತು ಅತ್ತೇಬಿಟ್ಟಳು. ಅಲ್ಲಿಯವರೆಗೆ ನನ್ನನ್ನು ನೋಡಿ ಅತ್ತವರು ಯಾರೂ ಇರಲಿಲ್ಲ. ಅವಳ ಅಳು ನೋಡಿ ನನಗೆ ವಿಚಿತ್ರ ಸಮಾಧಾನವಾಯಿತು.

ಸಂಕ್ರಾಂತಿಯ ಮರುದಿನ ನಾನು ಕೆಲಸಕ್ಕೆ ಹೊರಟೆ. ಅಮ್ಮನ ಜೊತೆ ಜಗಳವಾಡಿ, ಅಪ್ಪನ ಕಡೆಯಿಂದ ಹೇಳಿಸಿ, ಮಗುವಿಗೆ ಹಾಲು ತೆಗೆದಿಟ್ಟು, ಹೊಸ್ತಿಲಿಗೆ ಬಂದರೆ ನನ್ನ ಚಪ್ಪಲಿ ನನ್ನ ಕಾಲಿಗೆ ಹಿಡಿಸಲಿಲ್ಲ. ಅಪ್ಪನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಸ್ ಹತ್ತಿದೆ. ಬೆಂಚಿನ ಮುಂದೆ ಕೂತು ಬೆಸುಗೆಯ ಐರನ್ ಹಿಡಿದೆ. ಮುಂಚೆ ಕಣ್ಣು ಮುಚ್ಚಿ ಹಾಕುತ್ತಿದ್ದ ಬೊಟ್ಟು ಈಗ ಪಕ್ಕಕ್ಕೆ ಹರಿಯುತ್ತಿತ್ತು. ಒಂದು ಬೋರ್ಡು ಕೆಟ್ಟಿತು, ಇನ್ನೊಂದು ಕೆಟ್ಟಿತು. ಊಟದ ಗಂಟೆಗೆ ಮುಂಚೆಯೇ ಕೂತಲ್ಲೇ ನಿದ್ದೆ ಹೋಗಿದ್ದೆ. ಸೂಪರ್‌ವೈಸರ್ ಬೈಯಲಿಲ್ಲ. "ಮನೇಗ್ ಹೋಗಮ್ಮ, ಮೊದ್ಲು ಹುಷಾರಾಗು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುವಾರ ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಳೆಂದು ಸೆಲ್ವಿ ಹೇಳಿಕಳಿಸಿದಳು. ಅಮ್ಮನಿಗೆ ತನ್ನ ಮಾತು ನಿಜವಾಯಿತೆಂಬ ನೆಮ್ಮದಿ. "ನಾನ್ ಹೇಳ್ಳಿಲ್ವಾ, ಇನ್ನೂ ಆರಿಲ್ಲ ಅಂತ" ಎಂದು ಇನ್ನೊಂದು ರಗ್ಗು ಹೊದಿಸಿದಳು.

ನಾಗರಾಜ ಆವತ್ತು ಸ್ವಲ್ಪ ಗಟ್ಟಿಯಾದರು. ಇಂದಿರಾನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಮ್ಮನೂ ಹಿಂದೆಯೇ ಬಂದಳು. ಡಾಕ್ಟರು ನನ್ನನ್ನು ತೂಕದ ಮಷೀನ್ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ನನ್ನ ಮುಖ ನೋಡದೆ ಮಾತಾಡಿದರು. "ಏನೂ ಕಾಯ್ಲೆ ಇಲ್ಲಮ್ಮ. ಕೂತ್ಕೊಂಡು ತುಪ್ಪ ತಿಂದ್ರೆ ಹೀಗೇ ಆಗೋದು. ಚಳಿ ಅಂತ ಮುದುರ್ಕೊಂಡ್ ಮಲಗ್ಬೇಡಿ. ಬೆಳಗ್ಗೆ ಎದ್ದು ವಾಕ್ ಮಾಡಿ, ತಿನ್ನೋದ್ ಅರ್ಧ ಮಾಡಿ. ಸೋಮಾರಿತನ ಬಿಡ್ಬೇಕು ಅಷ್ಟೇ."

ಆಟೋದಲ್ಲಿ ಅಮ್ಮ ಕೆಂಡವಾಗಿದ್ದಳು. "ಆವಯ್ಯ ಏನ್ ಹೆತ್ತಿದಾನಾ? ಹಸಿ ಬಾಣಂತೀನ ಮಂಜಲ್ಲಿ ನಡೀ ಅಂತಾನೆ. ನಮ್ಮತ್ತೆ ಜಾತಿನೇ ಅವ್ನೂ."

ಒಬ್ಬರು ಕೂರು, ತಿನ್ನು ಎಂದರು. ಇನ್ನೊಬ್ಬರು ಏಳು, ತಿನ್ನಬೇಡ ಎಂದರು. ನನ್ನ ಮಾತನ್ನು ಇಬ್ಬರೂ ಕೇಳಲಿಲ್ಲ. ಆದರೂ ಡಾಕ್ಟರ ಮಾತಿನಲ್ಲಿ ನನಗೊಂದು ಆಸೆ ಕಂಡಿತು. ಸೋಮಾರಿತನವಾದರೆ ಅದನ್ನು ನಾನೇ ಬಿಡಬಹುದಲ್ಲ. ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿಗೆ ಕಿವಿಯ ಹತ್ತಿ ಕಿತ್ತು ಸದ್ದಿಲ್ಲದೆ ತಾರಸಿಗೆ ಹತ್ತತೊಡಗಿದೆ. ಮಂಜಿನಲ್ಲಿ ಎದುರು ಮನೆಯೇ ಕಾಣುತ್ತಿರಲಿಲ್ಲ. ತಲೆಯ ಮೇಲೆ ಏರ್‌ಪೋರ್ಟಿನಿಂದ ಎದ್ದ ವಿಮಾನ ಹಾಯುವ ಸದ್ದು ಮಾತ್ರ. ಒಣಗಹಾಕಿದ ಬಟ್ಟೆಯ ತಂತಿ ಹಿಡಿದುಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಕಾಲು ನನ್ನದಲ್ಲ ಎನ್ನುವಷ್ಟು ಭಾರ. ತುಪ್ಪದನ್ನದಲ್ಲಿ ಅರ್ಧ ಹಸುವಿನ ಬಾನಿಗೆ ಸೇರಿಸಿದೆ. ಹಸುಗಳು ಆ ತಿಂಗಳು ಚೆನ್ನಾಗಿ ಹಾಲು ಕೊಟ್ಟವು ಎಂದು ಅಪ್ಪ ಹೇಳುತ್ತಿದ್ದರು.

ನನ್ನ ಮೈ ಮಾತ್ರ ಇಳಿಯಲಿಲ್ಲ. ರವಿಕೆಯ ಹೊಲಿಗೆ ಬಿಚ್ಚಿದೆ, ಮತ್ತೆ ಬಿಚ್ಚಿದೆ. ನನಗೆ ನಿಜವಾಗಿ ದಿಗಿಲಾಗಿದ್ದು ಆಗ. ಬಾಯಿ ಕಟ್ಟಿದೆ, ಚಳಿಯಲ್ಲಿ ನಡೆದೆ, ಕದ್ದಾದರೂ ಹೇಳಿದ್ದನ್ನೆಲ್ಲ ಮಾಡಿದೆ. ಆದರೂ ಮೈ ಬೆಳೆಯುತ್ತಲೇ ಹೋದರೆ ಅದರೊಳಗಿಂದ ಆಚೆ ಬರುವ ದಾರಿ ಯಾವುದು? ಈ ಮೈಯಲ್ಲಿ, ಈ ಕೋಣೆಯಲ್ಲಿ, ಅವರೆ ಸುಲಿಯುತ್ತ ಮುದುಕಿಯಾಗುತ್ತೇನೆ ಎಂದೇ ಅನ್ನಿಸಿತು. ಸಾಯುವ ಯೋಚನೆ ಬರಲಿಲ್ಲ, ಅದಕ್ಕೂ ಒಂದಿಷ್ಟು ಚುರುಕು ಬೇಕು.

ಒಂದು ಬೆಳಿಗ್ಗೆ ತಾರಸಿಯಿಂದ ಇಳಿದು ಬರುವಾಗ ಮೆಟ್ಟಿಲ ಕೆಳಗೆ ಅಮ್ಮ ನಿಂತಿದ್ದಳು. ಕೈಯಲ್ಲಿ ಹಾಲಿನ ಬಕೆಟ್ಟು ಹಾಗೇ ಇತ್ತು. ಬೈಯಲಿಲ್ಲ. ನನ್ನ ತಣ್ಣನೆಯ ಪಾದವನ್ನು ಸೆರಗಿನಲ್ಲಿ ಒರೆಸುತ್ತ ಅತ್ತಳು. "ನಾನ್ ಪಟ್ಟಿದ್ನ ನೀನೂ ಪಡ್ಬೇಕಾ? ನಲವತ್ತಕ್ಕೇ ಮಂಡಿ ಹಿಡ್ಕೊಂಡು ಕೂರ್ಬೇಕಾ?" ಎಂದು ಕೇಳಿದಳು. ಮಾರನೆಯ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋದ ಮೇಲೆ ನಾನು ಎದ್ದು ಬಾಗಿಲು ತಳ್ಳಿದೆ. ತೆರೆಯಲಿಲ್ಲ. ಹೊರಗಿನಿಂದ ಚಿಲಕ ಹಾಕಿದ್ದಳು.

ನಾನು ಕೂಗಲಿಲ್ಲ. ಬಾಗಿಲಿಗೆ ಹಣೆ ಇಟ್ಟು ನಿಂತೆ. ಹಾಲು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಅಮ್ಮ ವಾಪಸು ಬಂದು ಮೆಲ್ಲಗೆ ಚಿಲಕ ತೆಗೆದು, ಏನೂ ಆಗದವಳಂತೆ ಕಾಫಿ ಕೊಟ್ಟಳು. ನಾನೂ ಏನೂ ಆಗದವಳಂತೆ ಕುಡಿದೆ. ಅದರ ಮರುದಿನವೂ ಹಾಗೇ ಆಯಿತು. ಹೀಗೇ ಅಭ್ಯಾಸವಾಯಿತು.

ಅದನ್ನು ಕಂಡುಹಿಡಿದವಳು ಸೆಲ್ವಿ. ಒಂದು ಭಾನುವಾರ ಬೆಳಿಗ್ಗೆ ಹಲಸೂರಿನಿಂದ ಬೇಗ ಹೊರಟು ಬಂದಿದ್ದಳು. ಹೊರಗಿನ ಚಿಲಕ ನೋಡಿ ತಾನೇ ತೆಗೆದು ಒಳಗೆ ಬಂದಳು. ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಅಮ್ಮನ ಜೊತೆ ಒಂದು ಮಾತೂ ಆಡದೆ ನೇರ ಕೆ.ಆರ್. ಪುರಕ್ಕೆ ಬಸ್ ಹತ್ತಿದಳು. ನಾಗರಾಜನಿಗೆ ಅವಳು ಏನು ಹೇಳಿದಳೋ ಇಬ್ಬರೂ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮಾರನೆಯ ದಿನ ನಾಗರಾಜ ಕೆಲಸಕ್ಕೆ ರಜೆ ಹಾಕಿ ಬಂದು, "ಮಗೂಗ್ ಸೂಜಿ ಹಾಕಿಸ್ಬೇಕು, ತಾಯೀನೂ ಬರ್ಬೇಕಂತೆ" ಎಂದರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ, ಕಿವಿ ಕೆಂಪಾಗಿತ್ತು. ಅಮ್ಮ ಮಗುವಿಗೆ ಟೋಪಿ, ನನಗೆ ಮಫ್ಲರು ಹಾಕಿ, ತಾನು ಶಾಲು ಸುತ್ತಿಕೊಂಡು ಹೊರಟಳು.

ಅದು ಶಿವಾಜಿನಗರದ ಕಡೆಯ ಒಂದು ಹಳೆಯ ಆಸ್ಪತ್ರೆ. ಉದ್ದನೆಯ ಜಗುಲಿ, ಮರದ ಬೆಂಚುಗಳು, ಫಿನಾಯಿಲ್ ವಾಸನೆ. ನನ್ನ ಪಕ್ಕ ಬುರ್ಖಾ ಹಾಕಿದ ಹೆಂಗಸೊಬ್ಬಳು ಕೂತಿದ್ದಳು. ನನ್ನ ಹೊಟ್ಟೆ ನೋಡಿ ಅಕ್ಕರೆಯಿಂದ, "ಎಷ್ಟನೇ ತಿಂಗ್ಳು ಮಾ?" ಎಂದು ಕೇಳಿದಳು. ಅಮ್ಮನ ಮಡಿಲಲ್ಲಿದ್ದ ಮಗುವನ್ನು ತೋರಿಸಿದೆ. ಅವಳಿಗೆ ನಾಚಿಕೆಯಾಗಿ ನಾಲಿಗೆ ಕಚ್ಚಿಕೊಂಡಳು. "ಮಾಫ್ ಕರೋ ಮಾ" ಎಂದು ನನ್ನ ಕೈ ಹಿಡಿದವಳು ಹಾಗೇ ಹಿಡಿದುಕೊಂಡೇ ಇದ್ದಳು. "ಅಯ್ಯೋ, ಎಷ್ಟು ಥಂಡಾ ಇದೆ ಕೈ" ಎಂದು, ಬಿಸಿಲು ಬೀಳುತ್ತಿದ್ದ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟು ತಾನು ನೆರಳಿಗೆ ಸರಿದಳು. ಅವಳ ಹೆಸರು ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಮೈಗೆ ಬಿಸಿಲು ಬಿತ್ತು, ನಾನು ಕಣ್ಣು ಮುಚ್ಚಿ ಕೂತೆ.

ಒಳಗಿದ್ದವರು ವಯಸ್ಸಾದ ಲೇಡಿ ಡಾಕ್ಟರು. ತೂಕ ನೋಡುವ ಮೊದಲು ನನ್ನನ್ನು ಮಾತಾಡಿಸಿದರು. ನನ್ನ ಗೊಗ್ಗರು ದನಿಯನ್ನು ತಲೆ ವಾಲಿಸಿ ಕೇಳಿದರು.

"ಕೊನೇ ಸಲ ಬೆವರಿದ್ದು ಯಾವಾಗ?"

ನನಗೆ ನೆನಪಾಗಲಿಲ್ಲ. ಕೆಂಡದ ಮೇಲೆ, ರಗ್ಗಿನ ಕೆಳಗೆ, ಸುಡುನೀರಿನ ಸ್ನಾನದಲ್ಲೂ ನಾನು ಬೆವರಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಡಾಕ್ಟರು ನನ್ನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಸರಕ್ಕನೆ ಜಿಗಿದು, ವಾಪಸು ಬರಲು ಮನಸ್ಸಿಲ್ಲದಂತೆ ನಿಧಾನವಾಗಿ ಇಳಿಯಿತು. ಪಕ್ಕದಲ್ಲಿದ್ದ ಕಲಿಯುವ ಡಾಕ್ಟರಿಗೆ ಅದನ್ನು ತೋರಿಸಿದರು. ರಕ್ತ ತೆಗೆಸಿದರು. ರಿಪೋರ್ಟಿಗೆ ಕಾಯಬೇಕಿತ್ತು. ಆ ಕಾಯುವಿಕೆಯಲ್ಲಿ ನಾನು ದೇವರಲ್ಲಿ ಬೇಡಿಕೊಂಡಿದ್ದು ಒಂದೇ, ನನಗೆ ಏನಾದರೂ ಕಾಯಿಲೆ ಇರಲಿ. ಇಲ್ಲವೆಂದರೆ ನಾನು ಬರೀ ಸೋಮಾರಿ ಎಂದಾಗುತ್ತಿತ್ತು. ನನ್ನ ಹಾಗೆ ಬೇಡಿಕೊಂಡ ರೋಗಿಗಳು ಬೇರೆಯವರೂ ಇದ್ದಾರೆಂದು ಆಮೇಲೆ ತಿಳಿಯಿತು.

ದೇವರು ನಡೆಸಿಕೊಟ್ಟ. ಥೈರಾಯ್ಡ್ ಎಂದರು. ಹೆರಿಗೆಯಾದ ಮೇಲೆ ಕೆಲವರಿಗೆ ಕೈಕೊಡುತ್ತದೆ, ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ನೀನು ಮಾತ್ರೆ ತಗೊಳ್ಳುತ್ತಾ ಇರಬೇಕಾಗಬಹುದು ಎಂದರು. "ಸೋಮಾರಿತನ ಅಲ್ವಾ ಡಾಕ್ಟ್ರೇ?" ಎಂದು ಕೇಳಿದೆ. "ಈ ಸ್ಥಿತೀಲಿ ನೀನು ತಾರಸಿ ಹತ್ತಿ ನಡೀತಿದ್ದೆ ಅಂದ್ಯಲ್ಲ, ನಂಗೆ ಅದೇ ಆಶ್ಚರ್ಯ" ಎಂದರು. ಅಲ್ಲೇ ಅತ್ತುಬಿಟ್ಟೆ. ಜೀವನದಲ್ಲಿ ಯಾರ ಮಾತೂ ನನಗೆ ಅಷ್ಟು ತಂಪೆರೆದಿಲ್ಲ.

ಆಮೇಲೆ ಅವರ ಕಣ್ಣು ಅಮ್ಮನ ಮೇಲೆ ಬಿತ್ತು. ಶಾಲಿನೊಳಗೆ ಉಬ್ಬಿದ ಮುಖ, ತುದಿಯಲ್ಲಿ ಉದುರಿದ ಹುಬ್ಬು, ತೊಗಲು ಒಣಗಿದ ಕೈ. "ನಿಮ್ದೂ ಒಂದ್ಸಲ ರಕ್ತ ನೋಡೋಣ ಅಮ್ಮ. ಇದು ಮನೆತನದಲ್ಲಿ ಬರುತ್ತೆ. ನಿಮ್ಗೂ ಚಳಿ ಜಾಸ್ತಿನಾ?"

"ನಂದ್ ಬೇರೆ. ನಂಗೆ ನಮ್ಮತ್ತೆ ಕೊಟ್ಟಿದ್ದು" ಎಂದು ಅಮ್ಮ ಎದ್ದು ನಿಂತಳು. ಎಷ್ಟು ಹೇಳಿದರೂ ಕೈ ಚಾಚಲಿಲ್ಲ. ಅವಳು ಸೂಜಿಗೆ ಹೆದರಿದಳು ಎಂದುಕೊಂಡೆ ನಾನು.

ಮಾತ್ರೆ ನುಂಗಿದ ಮರುದಿನವೇ ಎದ್ದು ಓಡಿದೆ ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ವಾರಗಳು ಕಳೆದವು. ಮೊದಲು ಬಂದಿದ್ದು ನಿದ್ದೆಯಿಂದ ಬಿಡುಗಡೆ. ಆಮೇಲೆ ದನಿ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಮಗಳಿಗೆ ನೀರು ಹಾಕುತ್ತಿದ್ದಾಗ ಮೂಗಿನ ತುದಿಯಿಂದ ಏನೋ ತೊಟ್ಟಿಕ್ಕಿತು. ಮುಟ್ಟಿ ನೋಡಿದರೆ ಬೆವರು. ನಾಲಿಗೆಗೆ ಇಟ್ಟರೆ ಉಪ್ಪುಪ್ಪಾಗಿತ್ತು. ಮಗಳನ್ನು ಎತ್ತಿಕೊಂಡು ಕೋಣೆ ತುಂಬ ಕುಣಿದೆ. ಅವಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಅದೂ ರಗ್ಗಿನ ಕೆಳಗೆ ಸಿಕ್ಕಿಕೊಂಡಿತ್ತು. ಬೇಸಿಗೆ ಕಳೆಯುವ ಹೊತ್ತಿಗೆ ಕೆ.ಆರ್. ಪುರಕ್ಕೆ ಹೋದೆ, ಮಳೆಗಾಲದಲ್ಲಿ ಫ್ಯಾಕ್ಟರಿಗೂ ಹೋದೆ. ಹೊಸಬಳ ಲೆಕ್ಕದಲ್ಲಿ ತೆಗೆದುಕೊಂಡರು, ಹಿಂದೆ ನಾನೇ ಕೆಲಸ ಕಲಿಸಿದ್ದ ಒಬ್ಬ ಹುಡುಗಿಯ ಕೈಕೆಳಗೆ. ಹೊಟ್ಟೆ ಉರಿಯಿತು, ಆದರೂ ಕೂತೆ.

ಮೈ ಇಳಿಯಿತೇ ಎಂದರೆ, ಒಂದಿಷ್ಟು ಇಳಿಯಿತು. ಹಳೆಯ ರವಿಕೆಗಳು ಮತ್ತೆ ಬರಲಿಲ್ಲ. ಪ್ರತಿ ಚಳಿಗಾಲಕ್ಕೂ ಹೋದದ್ದು ಸ್ವಲ್ಪ ವಾಪಸು ಬರುತ್ತದೆ. ನವೆಂಬರ್ ಬಂತೆಂದರೆ ಹಾಸಿಗೆ ನನ್ನನ್ನು ಬಿಡುವುದಿಲ್ಲ, ಈಗಲೂ ಅಷ್ಟೇ. ಮಂಜಿನಲ್ಲಿ ಎದ್ದು ಹೋಗಬೇಕೆಂಬ ಹಟ ಬಿಟ್ಟಿದ್ದೇನೆ, ಬಿಸಿಲು ಏರಿದ ಮೇಲೆ ನಡೆಯುತ್ತೇನೆ. ಬಸ್ಸಿನಿಂದ ಒಂದು ಸ್ಟಾಪ್ ಮುಂಚೆ ಇಳಿಯುತ್ತೇನೆ. ಅವರೆ ಕಾಲದಲ್ಲಿ ಸಾರು ಬಿಡುವುದಿಲ್ಲ, ಮುದ್ದೆಯನ್ನು ಸಣ್ಣದು ಮಾಡಿಕೊಳ್ಳುತ್ತೇನೆ. ನಡೆಯಲಾಗದ ದಿನ ನನಗೆ ನಾನೇ ಸೋಮಾರಿ ಎಂದು ಬೈದುಕೊಳ್ಳುವುದಿಲ್ಲ. ಕಷ್ಟಪಟ್ಟು ಕಲಿತಿದ್ದು ಇದೊಂದೇ. ಆ ಎರಡು ಸ್ವೆಟರಿನ ಹುಡುಗಿಗೆ ಹೇಳಬೇಕೆಂದಿದ್ದೂ ಇದೇ.

ಅಮ್ಮ ಮಾತ್ರ ರಕ್ತ ಕೊಡಲಿಲ್ಲ. ವರ್ಷಗಳು ಉರುಳಿದವು. ಚಿಲಕದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತವರಿಗೆ ಹೋದಾಗಲೆಲ್ಲ ಆ ಬಾಗಿಲ ಮುಂದೆ ಬೇಗ ಬೇಗ ಹಾಯ್ದು ಹೋಗುತ್ತಿದ್ದೆ. ಅವಳ ಮೇಲೆ ನನಗೆ ಸಿಟ್ಟಿತ್ತು. ಪ್ರೀತಿಯಿಂದ ಮಾಡಿದಳು ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಸಿಟ್ಟು ಹಾಗೇ ಇತ್ತು. ದೊಮ್ಮಲೂರಿನ ಫ್ಲೈಓವರ್ ಕಂಬಗಳು ಏಳುತ್ತಿದ್ದ ಕಾಲಕ್ಕೆ ಅವಳು ಪೂರ್ತಿ ಕೂತುಬಿಟ್ಟಿದ್ದಳು. ಒಲೆ ಮುಂದೆಯೇ ತೂಕಡಿಸುತ್ತಿದ್ದಳು. ಕಣ್ಣಿನ ಪೊರೆ ತೆಗೆಸಲು ರಕ್ತಪರೀಕ್ಷೆ ಮಾಡಿಸಬೇಕಾಗಿ ಬಂದಾಗ, ಥೈರಾಯ್ಡನ್ನೂ ನೋಡಿ ಎಂದು ನಾನೇ ಅವಳಿಗೆ ಗೊತ್ತಾಗದ ಹಾಗೆ ಹೇಳಿದೆ. ಗಂಡ ಹೇಳಿದ ಸುಳ್ಳಿಗೆ ನಾನೊಂದು ಸೇರಿಸಿದೆ ಅಷ್ಟೆ.

ರಿಪೋರ್ಟ್ ಬಂದಾಗ ಅವರೆ ಕಾಲ. ಹಿತ್ತಲ ಬಿಸಿಲಲ್ಲಿ ಇಬ್ಬರೂ ನೆನೆಸಿದ ಕಾಳು ಹಿತುಕುತ್ತ ಕೂತಿದ್ದೆವು. ಮೆಲ್ಲಗೆ ಹೇಳಿದೆ. ನಿನ್ನದೂ ಇದೇ ಅಮ್ಮ, ಬಹಳ ವರ್ಷದಿಂದ ಇರಬೇಕಂತೆ, ಬಹುಶಃ ನಾನು ಹುಟ್ಟಿದಾಗಿನಿಂದಲೇ.

ಅವಳ ಕೈ ನಿಂತಿತು. "ಹಂಗಾದ್ರೆ ಈ ಚಳಿ ನಮ್ಮತ್ತೆ ಕೊಟ್ಟಿದ್ದಲ್ವಾ?"

"ಅಲ್ವಂತೆ."

ಅವಳಿಗೆ ಸೂಜಿಯ ಹೆದರಿಕೆ ಇರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ತನ್ನ ಇಡೀ ಜೀವನದ ನೋವಿಗೆ ಅವಳ ಬಳಿ ಇದ್ದಿದ್ದು ಒಂದೇ ಕಾರಣ, ಅದನ್ನು ಕಿತ್ತುಕೊಳ್ಳುತ್ತಾರೆಂದು ಕೈ ಚಾಚಿರಲಿಲ್ಲ. ಈಗ ಕಿತ್ತುಕೊಂಡವಳು ನಾನು. ಸತ್ತ ಅತ್ತೆಯನ್ನು ಇಷ್ಟು ವರ್ಷ ಸುಮ್ಮನೆ ಬೈದೆನಲ್ಲ ಎಂದು ಅಳುತ್ತಾಳೆ ಎಂದುಕೊಂಡೆ. ಅಮ್ಮ ಅಳಲಿಲ್ಲ. ಮೊರದಲ್ಲಿ ಉಳಿದ ಕಾಳನ್ನು ಒಂದು ಕಡೆಗೆ ಒತ್ತರಿಸಿದಳು. ಕಟ್ಟುತ್ತಿದ್ದ ಫ್ಲೈಓವರಿನ ಕಡೆಯಿಂದ ಕಬ್ಬಿಣ ಬಡಿಯುವ ಸದ್ದು ಬರುತ್ತಿತ್ತು.

"ಮಾತ್ರೆ ತಗೋತೀನಿ ಬಿಡು" ಎಂದಳು. "ಚಳಿ ಕಾಯ್ಲೆದೇ ಇರ್ಬೋದು. ಆದ್ರೆ ಹಸಿ ಬಾಣಂತಿ ಕೈಗೆ ಕುಡ್ಗೋಲ್ ಕೊಟ್ಟಿದ್ದು ಥೈರಾಯ್ಡ್ ಅಲ್ಲ. ಅದು ನಮ್ಮತ್ತೇನೇ."

ಒಂದು ಕಾಳು ಹಿತುಕಿದಳು. ಬೇಳೆ ಜಾರಿ ಪಾತ್ರೆಗೆ ಬಿತ್ತು. ನನ್ನ ಮುಖ ನೋಡದೆ ಇನ್ನೊಂದು ಕಾಳಿಗೆ ಕೈ ಹಾಕಿದಳು.

"ನಿನ್ ಬಾಗ್ಲಿಗೆ ಚಿಲ್ಕ ಹಾಕಿದ್ದೂ ಥೈರಾಯ್ಡ್ ಅಲ್ಲ ಮಗಾ. ಅದು ನಾನೇ."